ಬೆಟ್ಟದ ಬೆಂಕಿಗೂ ಒಂದು ಇತಿಹಾಸವಿದೆ

ನಮ್ಮ ಪ್ರೌಢಶಾಲೆ ಆರಂಭವಾದದ್ದು 1974ರಲ್ಲಿ. ಅದೇ ವರ್ಷ, ಶಾಲೆಯ ಮೈದಾನದಲ್ಲಿ ನಿಂತರೆ ಪೂರ್ವಕ್ಕೆ ಕಾಣುವ ಬಿಳಿಗಿರಿರಂಗನ ಬೆಟ್ಟದ ಕಾಡು ವನ್ಯಜೀವಿ ಧಾಮವೆಂದು ಘೋಷಣೆಯಾಯಿತು. ಹೀಗಾಗಿ ಶಾಲೆಗೂ ಧಾಮಕ್ಕೂ ಒಟ್ಟಿಗೇ ಐವತ್ತು ತುಂಬಿದೆ. ಸ್ಮರಣ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಯಳಂದೂರಿನ ಗೌರೀಶ್ವರ ದೇವಾಲಯ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ದೊರೆತ ಜಹಗೀರು ಇವುಗಳ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ. ನಾನು ಇಲ್ಲಿ ಬರೆಯುತ್ತಿರುವುದು ಬೆಟ್ಟದ ಬೆಂಕಿಯ ಇತಿಹಾಸ. ಪ್ರತಿ ಬೇಸಿಗೆಯಲ್ಲೂ ನಾವು ಅದನ್ನು ದೂರದಿಂದ ನೋಡುತ್ತೇವೆ, ಮಳೆ ಬಂದ ಮೇಲೆ ಮರೆತುಬಿಡುತ್ತೇವೆ.

ಬೆಂಕಿಗೆ ಎಂಥ ಇತಿಹಾಸ ಎಂದು ಕೆಲವರು ಕೇಳಬಹುದು. ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಮನುಷ್ಯನ ಕೈಯಿಂದಲೇ ಆಗುವಂಥವು. ಯಾರು ಹಚ್ಚಿದರು, ಯಾವ ತಿಂಗಳಲ್ಲಿ ಹಚ್ಚಿದರು, ಏಕೆ ಹಚ್ಚಿದರು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ. ಬದಲಾವಣೆ ಇದ್ದ ಕಡೆ ಇತಿಹಾಸವೂ ಇರುತ್ತದೆ.

ಬೆಟ್ಟದ ತಪ್ಪಲಿನಲ್ಲಿರುವುದು ಎಲೆ ಉದುರುವ ಕಾಡು. ದಿಂಡಲು, ಮತ್ತಿ, ಹೊನ್ನೆ, ನೆಲ್ಲಿ, ಅಳಲೆ ಮುಂತಾದ ಮರಗಳು ಬೇಸಿಗೆಗೆ ಮುಂಚೆ ಎಲೆ ಉದುರಿಸಿ ನೆಲದ ಮೇಲೆ ತರಗನ್ನು ಹಾಸುತ್ತವೆ. ಅದರ ನಡುವೆ ಆಳೆತ್ತರದ ಹುಲ್ಲು ಒಣಗಿ ನಿಂತಿರುತ್ತದೆ. ಈ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರು ಸೋಲಿಗರು. ಅವರ ಕುಲದ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಬಿಳಿಗಿರಿರಂಗ ಅವರಿಗೆ ದೇವರೂ ಹೌದು, ಭಾವನೂ ಹೌದು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರ ಆರಂಭಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಸೋಲಿಗರ ಪ್ರಸ್ತಾಪ ಮಾಡಿದ್ದಾನೆ.

ಸೋಲಿಗರು ಕಾಡಿಗೆ ಬೆಂಕಿ ಹಾಕುತ್ತಿದ್ದರು. ಇದನ್ನು ಮುಚ್ಚಿಡಬೇಕಾದದ್ದೇನೂ ಇಲ್ಲ. ಅದನ್ನು ಅವರು ‘ತರಗು ಬೆಂಕಿ’ ಎಂದು ಕರೆಯುತ್ತಾರೆ. ಹೆಸರೇ ಹೇಳುವಂತೆ ಅದು ನೆಲದ ತರಗನ್ನಷ್ಟೇ ಸುಡುವ ಬೆಂಕಿ. ಸಂಕ್ರಾಂತಿಯ ಆಸುಪಾಸಿನಲ್ಲಿ, ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ಅಷ್ಟಿಷ್ಟು ತೇವ ಇರುವಾಗ ಅದನ್ನು ಹಚ್ಚುತ್ತಿದ್ದರು. ಒಂದು ಕಡೆ ಸುಟ್ಟು ಇನ್ನೊಂದು ಕಡೆ ಉಳಿಯುತ್ತಿತ್ತು. ಉರಿ ಮೊಣಕಾಲು ದಾಟುವಷ್ಟು ಏಳದೆ ಮುಂದೆ ಸಾಗಿ ತಾನಾಗಿಯೇ ಆರುತ್ತಿತ್ತು. ದಪ್ಪ ತೊಗಟೆಯ ಮರಗಳಿಗೆ ಅದರಿಂದ ಹೆಚ್ಚಿನ ಅಪಾಯವಿರಲಿಲ್ಲ. ಉಣ್ಣೆ ಹುಳು ಸಾಯುತ್ತಿತ್ತು, ಹೊಸ ಹುಲ್ಲು ಚಿಗುರಿ ಜಿಂಕೆ ಕಡವೆಗಳಿಗೆ ಮೇವಾಗುತ್ತಿತ್ತು. ಜೇನು, ನೆಲ್ಲಿಕಾಯಿ, ಗೆಡ್ಡೆ ಗೆಣಸಿಗೆ ಹೋಗುವವರಿಗೆ ದಾರಿ ಕಾಣುತ್ತಿತ್ತು. ಎದುರಿನ ಪೊದೆಯಲ್ಲಿ ಆನೆ ನಿಂತಿದ್ದರೆ ದೂರದಿಂದಲೇ ತಿಳಿಯುತ್ತಿತ್ತು. ಪೋಡುಗಳ ಹಿರಿಯರು ಈಗಲೂ ಕೊಡುವ ಕಾರಣಗಳು ಇವೇ.

ಈ ಬೆಂಕಿ ಅಪರಾಧವಾದದ್ದು ಹೇಗೆ? ಬ್ರಿಟಿಷ್ ಸರ್ಕಾರ 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ತಜ್ಞನನ್ನು ದೇಶದ ಮೊದಲ ಅರಣ್ಯ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಿಸಿತು. ರೈಲು ಹಳಿಯ ದಿಮ್ಮಿಗಳಿಗೂ ಕಟ್ಟಡಗಳಿಗೂ ಮರ ಬೇಕಾಗಿತ್ತು. ಬೆಂಕಿಯೆಂದರೆ ಮರದ ಶತ್ರು, ಮರವೆಂದರೆ ಸರ್ಕಾರದ ವರಮಾನ ಎಂಬ ಲೆಕ್ಕ ಅಂದಿನದು. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಬೆಂಕಿಯನ್ನು ಪೂರ್ತಿ ತಡೆಯುವ ಪ್ರಯೋಗ ನಡೆಯಿತು. ಅದು ಯಶಸ್ವಿಯಾಯಿತೆಂದು ಎಲ್ಲೆಡೆ ಅದೇ ನೀತಿ ಹರಡಿತು. 1878ರ ಭಾರತೀಯ ಅರಣ್ಯ ಕಾಯಿದೆ ಮೀಸಲು ಕಾಡಿನಲ್ಲಿ ಬೆಂಕಿ ಹಾಕುವುದನ್ನು ಶಿಕ್ಷಾರ್ಹ ಮಾಡಿತು. ನಮ್ಮ ಮೈಸೂರು ಸಂಸ್ಥಾನಕ್ಕೆ 1900ರಲ್ಲಿ ತನ್ನದೇ ಅರಣ್ಯ ರೆಗ್ಯುಲೇಷನ್ ಬಂತು. ಸ್ವಾತಂತ್ರ್ಯಾನಂತರ 1963ರ ರಾಜ್ಯ ಅರಣ್ಯ ಕಾಯಿದೆಯಲ್ಲೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲೂ ಬೆಂಕಿಯ ನಿಷೇಧ ಮುಂದುವರಿಯಿತು. ಕಾಯಿದೆಗಳ ಉದ್ದೇಶ ಬದಲಾಯಿತು. ಮೊದಲು ಮರಮಟ್ಟಿಗಾಗಿ ಕಾಡನ್ನು ಕಾದರು, ಆಮೇಲೆ ಪ್ರಾಣಿಗಳಿಗಾಗಿ ಕಾದರು. ಬೆಂಕಿಯ ಬಗೆಗಿನ ನಿಲುವು ಮಾತ್ರ ಬದಲಾಗಲಿಲ್ಲ.

ವಿಶೇಷವೆಂದರೆ, ಈ ನಿಲುವಿನ ಬಗ್ಗೆ ಅರಣ್ಯಾಧಿಕಾರಿಗಳಲ್ಲೇ ಅನುಮಾನ ಬಂದಿತ್ತು. ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿ ತಡೆದ ಕಡೆ ತೇಗದ ಸಸಿಗಳು ಏಳುತ್ತಿಲ್ಲವೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕೆಲವರು ಬರೆದರು. ಮುಂದೆ ಕೆಲವು ಪ್ರಾಂತ್ಯಗಳಲ್ಲಿ ಬೇಸಿಗೆಗೆ ಮುಂಚೆ ಇಲಾಖೆಯವರೇ ಹತೋಟಿಯಲ್ಲಿ ಸುಡುವ ಪದ್ಧತಿ ಬಂತು. ಈಗಲೂ ನಮ್ಮ ಬೆಟ್ಟದಲ್ಲಿ ಬೇಸಿಗೆಯ ಮುನ್ನ ಇಲಾಖೆಯ ಸಿಬ್ಬಂದಿ ರಸ್ತೆಯ ಅಂಚಿನಲ್ಲಿ ಫೈರ್ ಲೈನ್ ಸವರಿ ಸುಡುವುದನ್ನು ನಾವು ನೋಡುತ್ತೇವೆ. ಅಂದರೆ ಸಣ್ಣ ಬೆಂಕಿಯಿಂದ ದೊಡ್ಡ ಬೆಂಕಿಯನ್ನು ತಡೆಯಬಹುದು ಎಂಬ ಅರಿವು ಇಲಾಖೆಗೂ ಇದೆ, ಪೋಡಿಗೂ ಇದೆ.

ಧಾಮ ಘೋಷಣೆಯಾದ ಮೇಲೆ ಸೋಲಿಗರ ಕಾಡು ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿಯೂ ನಿಂತಿತು. ಮುಂದಿನ ವರ್ಷಗಳಲ್ಲಿ ಬೆಟ್ಟವನ್ನು ಒಂದು ಗಿಡ ತುಂಬತೊಡಗಿತು. ಅದೇ ಲಂಟಾನ. ನಮ್ಮ ಕಡೆ ಇದಕ್ಕೆ ರೋಜದ ಗಿಡ ಎಂದೂ ಹೇಳುತ್ತಾರೆ. ಅಮೆರಿಕ ಖಂಡದ ಉಷ್ಣ ಸೀಮೆಯ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ದೇಶದ ತುಂಬ ಹರಡಿದವು. ಬಿಳಿಗಿರಿ ಕಾಡಿನಲ್ಲಿ ಸಂಶೋಧಕರು 1997ರಲ್ಲಿ ಗುರುತು ಹಾಕಿದ ತುಂಡು ಜಾಗಗಳ ಪೈಕಿ ಶೇಕಡ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ಅದು ಶೇಕಡ 81ಕ್ಕೆ ಏರಿತ್ತು. ಹನ್ನೊಂದು ವರ್ಷಗಳಲ್ಲಿ ಸುಮಾರು ಎರಡು ಪಟ್ಟು.

ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹೀಗೆ ಬೆಳೆಯಿತು ಎನ್ನುತ್ತಾರೆ ಸೋಲಿಗ ಹಿರಿಯರು. ಸಸಿಯಾಗಿದ್ದಾಗಲೇ ಸುಟ್ಟುಹೋಗಬೇಕಾದ ಗಿಡ ಪೊದೆಯಾಯಿತು, ಪೊದೆ ಹಬ್ಬಿ ಗೋಡೆಯಾಯಿತು ಎಂಬುದು ಅವರ ವಿವರಣೆ. ನೆಲ್ಲಿ ಮರದ ವಿಷಯದಲ್ಲೂ ಅವರದು ಇಂಥದೇ ಮಾತು. ಮರದ ಕೊಂಬೆಗೆ ಅಂಟಿ ಅದರ ಸಾರ ಹೀರುವ ಬದನಿಕೆಗೆ ಅವರು ‘ಉಪ್ಪಿಲು’ ಎನ್ನುತ್ತಾರೆ. ಮೊದಲು ತರಗು ಬೆಂಕಿಯ ಶಾಖ ಹೊಗೆಗಳಿಗೆ ಉಪ್ಪಿಲು ಹತೋಟಿಯಲ್ಲಿತ್ತು, ಈಗ ಮರದ ತುಂಬ ಹಬ್ಬಿದೆ ಎನ್ನುತ್ತಾರೆ. ಉಪ್ಪಿಲು ಹತ್ತಿದ ನೆಲ್ಲಿ ಕಡಿಮೆ ಕಾಯಿ ಬಿಡುತ್ತದೆ. ಕಾಯಿ ಆಯ್ದು ಬದುಕುವ ಸಂಸಾರಕ್ಕೆ ಇದು ಊಟದ ಪ್ರಶ್ನೆ. ಅವರ ಈ ತಿಳಿವಳಿಕೆಯನ್ನು ಸಂಶೋಧಕರು ಕೇಳಿ ಬರೆದುಕೊಂಡು, ಕಾಡಿನಲ್ಲಿ ಅಳೆದು ನೋಡಿ, ವಿಜ್ಞಾನ ಪತ್ರಿಕೆಗಳಲ್ಲಿ ಚರ್ಚಿಸಿದ್ದಾರೆ.

ಹಾಗೆಂದು ಬೆಂಕಿಯೆಲ್ಲ ಒಳ್ಳೆಯದೆಂದು ಯಾರೂ ತಿಳಿಯಬಾರದು. ನಮ್ಮ ನೆರೆಯ ಮುದುಮಲೆ ಸೀಮೆಯ ದಾಖಲೆಗಳು ಬೇರೆ ಪಾಠ ಹೇಳುತ್ತವೆ. 1910ರ ದಶಕದಲ್ಲಿ ಅಲ್ಲಿ ಒಂದು ಜಾಗಕ್ಕೆ ಸರಾಸರಿ ಹತ್ತು ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. 1989ರಿಂದ 2002ರ ಅವಧಿಯಲ್ಲಿ ಅದು ಮೂರು ವರ್ಷಕ್ಕೊಮ್ಮೆ ಎಂಬಷ್ಟಕ್ಕೆ ಇಳಿದಿದೆ. ಇಷ್ಟು ಬೇಗ ಬೇಗ ಸುಟ್ಟರೆ ಹೊಸ ಸಸಿ ಮರವಾಗುವುದು ಯಾವಾಗ? ಬೆಟ್ಟದ ಮೇಲ್ಭಾಗದ ಕಣಿವೆಗಳಲ್ಲಿರುವ ಶೋಲಾ ಕಾಡಂತೂ ಬೆಂಕಿಯನ್ನು ಸಹಿಸುವುದೇ ಇಲ್ಲ. ಆದ್ದರಿಂದ ಬೆಂಕಿ ಬೇಕೋ ಬೇಡವೋ ಎಂದಷ್ಟೇ ಕೇಳಿದರೆ ಉತ್ತರ ಸಿಗದು. ಯಾವ ಕಾಡು, ಯಾವ ತಿಂಗಳು, ನೆಲದ ಮೇಲೆ ಎಷ್ಟು ಸೌದೆ, ಯಾರ ಕೈ ಎಂದು ಕೇಳಬೇಕು.

ಸಂಕ್ರಾಂತಿಯ ತರಗು ಬೆಂಕಿಗೂ ಮಾರ್ಚ್ ತಿಂಗಳ ಕಾಡ್ಗಿಚ್ಚಿಗೂ ಇರುವ ವ್ಯತ್ಯಾಸ ಇಲ್ಲಿದೆ. ಒಣಗಿದ ಲಂಟಾನ ಉರಿಗೆ ಏಣಿಯಿದ್ದ ಹಾಗೆ. ನೆಲದ ಬೆಂಕಿ ಅದನ್ನು ಹತ್ತಿ ಮರದ ನೆತ್ತಿಗೆ ಹೋಗುತ್ತದೆ. ಆಗ ದೊಡ್ಡ ಮರಗಳೂ ಉಳಿಯುವುದು ಕಷ್ಟ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಆಮೆ, ಹಾವು, ಚಿಪ್ಪುಹಂದಿಗಳಿಗೆ ಓಡಲು ದಾರಿಯಿರುವುದಿಲ್ಲ. ಎಲೆಗೊಬ್ಬರದ ಪದರ ಸುಟ್ಟು ಮಣ್ಣು ಬೋಳಾಗುತ್ತದೆ. ಮೊದಲ ಮಳೆ ಇಂಗುವುದರ ಬದಲು ಬೂದಿ ಮಣ್ಣನ್ನು ಬಳಿದುಕೊಂಡು ಹರಿಯುತ್ತದೆ. ಆ ನೀರು ಬರುವುದು ನಮ್ಮ ಕಡೆಗೇ. ಸುವರ್ಣಾವತಿಯ ನೀರು ಈ ಬೆಟ್ಟ ಸಾಲಿನದು. ಬೆಟ್ಟದಲ್ಲಿ ಇಂಗದ ನೀರು ಹೊಳೆಯಲ್ಲಿ ಬೇಸಿಗೆಯವರೆಗೆ ನಿಲ್ಲುವುದಿಲ್ಲ, ಕೊಚ್ಚಿ ಬಂದ ಮಣ್ಣು ಕೆರೆ ಕಟ್ಟೆಗಳ ತಳ ಸೇರುತ್ತದೆ. ಬೆಟ್ಟಕ್ಕೆ ಬಿದ್ದ ಬೆಂಕಿಯ ಬೆಲೆಯನ್ನು ಬಯಲಿನ ಗದ್ದೆಯೂ ಕೊಡಬೇಕಾಗುತ್ತದೆ.

ದೊಡ್ಡ ಬೆಂಕಿ ಎಂಥದೆಂದು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. ಎರಡು ವರ್ಷಗಳ ನಂತರ, 2019ರ ಫೆಬ್ರವರಿ 21ರಿಂದ ಐದು ದಿನ ಅದೇ ಬಂಡೀಪುರ ಉರಿಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಉಪಗ್ರಹ ಚಿತ್ರಗಳ ಅಂದಾಜಿನಂತೆ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತ್ತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಉರಿಯನ್ನು ಬಡಿದು ಆರಿಸುವ ಕೆಲಸ ಅಲ್ಲಿ ನಡೆದದ್ದು ಹೆಚ್ಚಾಗಿ ಕಾವಲುಗಾರರಿಂದ, ಗಿರಿಜನರಿಂದ, ಸ್ವಯಂಸೇವಕರಿಂದ. ಆದರೂ ಬೆಂಕಿ ಬಿದ್ದ ಮಾರನೆಯ ದಿನವೇ ಗಿರಿಜನರ ಮೇಲೆ ಬೆರಳು ತೋರಿಸುವವರನ್ನು ನಾನು ನಮ್ಮ ಚಹಾದಂಗಡಿಗಳಲ್ಲೇ ನೋಡಿದ್ದೇನೆ. ತರಗು ಬೆಂಕಿಯ ಅರ್ಥ ತಿಳಿದವರು ಹಾಗೆ ಮಾತಾಡಲಾರರು.

2011ರ ಜನವರಿಯಲ್ಲಿ ಬಿಳಿಗಿರಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು, 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದು ಮೊದಲನೆಯದು. ಕಾಡಿನ ಉಸ್ತುವಾರಿಯಲ್ಲಿ ಅವರ ಮಾತಿಗೆ ಕಾನೂನಿನ ಬಲ ಬಂತು. ಆದರೆ ಇಂದಿನ ಕಾಡು 1974ರ ಕಾಡಲ್ಲ. ಲಂಟಾನ ತುಂಬಿದ ಜಾಗಕ್ಕೆ ಈಗ ಬೆಂಕಿ ಹಾಕಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಬೆಂಕಿ ಹೋದ ಮೇಲೆ ಲಂಟಾನದ ಬುಡ ಮತ್ತೆ ಚಿಗುರುತ್ತದೆ. ಮೊದಲು ಅದನ್ನು ಬೇರು ಸಹಿತ ಕೀಳಬೇಕು. ಆಮೇಲೆ ಎಲ್ಲಿ, ಯಾವಾಗ, ಎಷ್ಟು ಸುಡಬಹುದೆಂದು ಇಲಾಖೆಯವರೂ ವಿಜ್ಞಾನಿಗಳೂ ಪೋಡಿನ ಹಿರಿಯರೂ ಒಟ್ಟಿಗೆ ಕೂತು ನಿರ್ಧರಿಸಬೇಕು. ಅದು ಒಬ್ಬೊಬ್ಬರೇ ಕಡ್ಡಿ ಗೀರಿ ಮಾಡುವ ಕೆಲಸವಲ್ಲ. ಇಂದು ಧಾಮದೊಳಗೆ ಬೆಂಕಿ ಹಚ್ಚುವುದು ಅಪರಾಧ, ಅಪಾಯ ಕೂಡ.

ಇಲ್ಲಿ ನನಗೆ ಕಾಣುವ ಆತಂಕ ಕಾಲದ್ದು. 1974ಕ್ಕೆ ಮುಂಚೆ ದೊಡ್ಡವರ ಜೊತೆ ನಡೆದು ತರಗು ಬೆಂಕಿ ಹಚ್ಚಿದವರಿಗೆ ಈಗ ಎಪ್ಪತ್ತು ದಾಟಿದೆ. ಗಾಳಿ ಯಾವ ಕಡೆ ತಿರುಗಿದಾಗ ಹಚ್ಚಬೇಕು, ಯಾವ ಹುಲ್ಲು ಒಣಗಿದಾಗ ನಿಲ್ಲಿಸಬೇಕು, ಯಾವ ದೇವರ ಬನವನ್ನು ಮುಟ್ಟಬಾರದು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಅವರ ಮಕ್ಕಳು ಬೆಂಕಿಯನ್ನು ಆರಿಸುವುದನ್ನು ಕಲಿತಿದ್ದಾರೆ, ಹಚ್ಚುವುದನ್ನು ಕಲಿತಿಲ್ಲ. ಆ ಹಿರಿಯರು ಹೋದರೆ ಇತಿಹಾಸದ ಒಂದು ಅಧ್ಯಾಯವೇ ಹೋಗುತ್ತದೆ. ಬೇಕೆಂದಾಗ ಅದನ್ನು ಯಾವ ಗ್ರಂಥದಲ್ಲೂ ಹುಡುಕಲಾಗದು.

ನಮ್ಮ ಶಾಲೆಯಲ್ಲಿ ಪೋಡಿನಿಂದ ಬರುವ ಮಕ್ಕಳೂ ಬಯಲಿನ ಊರುಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಓದುತ್ತಾರೆ. ಸಮಾಜ ವಿಜ್ಞಾನದ ಶಿಕ್ಷಕರಲ್ಲಿ ನನ್ನದೊಂದು ಬಿನ್ನಹ. ಸುವರ್ಣ ಮಹೋತ್ಸವದ ನೆನಪಿಗೆ ಒಂಬತ್ತನೆಯ ತರಗತಿಯ ಮಕ್ಕಳಿಂದ ಪೋಡಿನ ಅಜ್ಜ ಅಜ್ಜಿಯರ ಮಾತುಗಳನ್ನು ಕೇಳಿ ಬರೆಸಿ, ಆ ನೋಟ್ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯದಲ್ಲಿ ಇಡಿ. ಹಳೆಯ ವಿದ್ಯಾರ್ಥಿಗಳು ಅದಕ್ಕೆ ಬೇಕಾದ ನೆರವು ಕೊಡಲು ಸಿದ್ಧರಿದ್ದೇವೆ. ಗ್ರಾಮಸ್ಥರಲ್ಲಿ ಕೇಳಿಕೊಳ್ಳುವುದಿಷ್ಟೆ: ಬೇಸಿಗೆಯಲ್ಲಿ ಜಮೀನಿನ ಕಸ ಸುಡುವಾಗ ಕಾಡಿನ ಅಂಚು ಎಷ್ಟು ದೂರವಿದೆಯೆಂದು ನೋಡಿ, ಜಾತ್ರೆಗೆ ಬೆಟ್ಟ ಹತ್ತುವಾಗ ಬೀಡಿಯ ತುಂಡು ಎಸೆಯದಿರಿ, ಹೊಗೆ ಕಂಡರೆ ಕೂಡಲೇ ಅರಣ್ಯ ಕಚೇರಿಗೆ ತಿಳಿಸಿ. ನೂರರ ಸಂಭ್ರಮದ ದಿನ ನಮ್ಮ ಮೈದಾನದಲ್ಲಿ ನಿಲ್ಲುವ ಮಕ್ಕಳಿಗೂ ಪೂರ್ವಕ್ಕೆ ಹಸಿರು ಬೆಟ್ಟ ಕಾಣಬೇಕು.