ಎಸ್ಟೋನಿಯಾದ ಡಿಜಿಟಲ್ ಅಲೆಮಾರಿ ವೀಸಾ

ಒಂದು ದೇಶದಲ್ಲಿ ನೆಲೆಸಿ ಇನ್ನೊಂದು ದೇಶದ ಸಂಸ್ಥೆಗೆ ಅಂತರ್ಜಾಲದ ಮೂಲಕ ದುಡಿಯುವವರಿಗಾಗಿ ಎಸ್ಟೋನಿಯಾ 2020ರ ಆಗಸ್ಟ್‌ನಲ್ಲಿ ಜಾರಿಗೆ ತಂದ, ಗರಿಷ್ಠ ಒಂದು ವರ್ಷದ ಪ್ರವೇಶ ಪರವಾನಗಿ. ಅರ್ಜಿದಾರರು ಹಿಂದಿನ ಆರು ತಿಂಗಳಲ್ಲಿ ನಿಗದಿತ ಕನಿಷ್ಠ ಮಾಸಿಕ ಆದಾಯ ಗಳಿಸಿದ್ದನ್ನು ದಾಖಲೆಗಳಿಂದ ತೋರಿಸಬೇಕು. 2014ರಲ್ಲಿ ಆರಂಭವಾದ ಇ-ರೆಸಿಡೆನ್ಸಿ, ಅಂದರೆ ವಿದೇಶೀಯರು ಅಲ್ಲಿ ಕಂಪನಿ ನಡೆಸಲು ನೆರವಾಗುವ ಡಿಜಿಟಲ್ ಗುರುತು, ಇದಕ್ಕಿಂತ ಬೇರೆಯಾಗಿದ್ದು, ಅದರಿಂದ ವಾಸದ ಹಕ್ಕು ದೊರೆಯದು. ವೀಸಾ ಇದ್ದರೆ ತೆರಿಗೆಯ ಚಿಂತೆಯಿಲ್ಲವೆಂಬ ತಿಳಿವಳಿಕೆ ತಪ್ಪು, ಅಪಾಯಕರವೂ ಹೌದು. ಸತತ ಹನ್ನೆರಡು ತಿಂಗಳಲ್ಲಿ 183 ದಿನ ಅಲ್ಲಿದ್ದವರು ತೆರಿಗೆ ನಿವಾಸಿಗಳೆನಿಸಿ, ಜಗತ್ತಿನಲ್ಲಿ ಎಲ್ಲೇ ಗಳಿಸಿದ ಆದಾಯಕ್ಕೂ ಆ ದೇಶಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ತಡೆಯುವ ಒಪ್ಪಂದ ಭಾರತ ಮತ್ತು ಎಸ್ಟೋನಿಯಾದ ನಡುವೆ ಇದೆಯಾದರೂ, ಬೆಂಗಳೂರಿನ ಸಂಸ್ಥೆಯಿಂದ ಸಂಬಳ ಪಡೆಯುತ್ತ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ ನೆಲೆಸುವವರು ಎರಡೂ ದೇಶಗಳಲ್ಲಿ ಕಳೆದ ದಿನಗಳ ಲೆಕ್ಕವನ್ನು ದಾಖಲೆಸಹಿತ ಇಟ್ಟುಕೊಳ್ಳುವುದು ಅಗತ್ಯ.