ಸ್ಪಾರ್ಕ್ ಪ್ಲಗ್

ಸ್ಪಾರ್ಕ್ ಪ್ಲಗ್ ಎಂಬುದು ಪೆಟ್ರೋಲ್, ಸಿಎನ್‌ಜಿ ಮೊದಲಾದ ಇಂಧನಗಳಿಂದ ನಡೆಯುವ ಅಂತರ್ದಹನ ಎಂಜಿನ್‌ನ ಸಿಲಿಂಡರಿನೊಳಗೆ ವಿದ್ಯುತ್ ಕಿಡಿಯನ್ನು ಹಾರಿಸಿ, ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸುವ ಸಾಧನ. ಇದು ವಾಹನದ ದಹನ ವ್ಯವಸ್ಥೆಯ ಕೊನೆಯ ಕೊಂಡಿ. ಡೀಸೆಲ್ ಎಂಜಿನ್‌ನಲ್ಲಿ ಸಂಪೀಡನದಿಂದ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುವುದರಿಂದ ಅಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ.

ಇತಿಹಾಸ

ಪ್ಯಾರಿಸ್‌ನಲ್ಲಿ ನೆಲೆಸಿದ್ದ ಎಟಿಯೆನ್ ಲೆನ್ವಾರ್ 1860ರಲ್ಲಿ ತನ್ನ ಅನಿಲ ಎಂಜಿನ್‌ನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದನು. ಆದರೆ ಆ ಶತಮಾನದ ಕೊನೆಯವರೆಗೂ ಡೈಮ್ಲರ್ ಮೊದಲಾದವರ ಎಂಜಿನ್‌ಗಳು, ಹೊರಗಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿದ ಕೊಳವೆಯನ್ನೇ ಅವಲಂಬಿಸಿದ್ದವು. ಆ ವಿಧಾನದಲ್ಲಿ ಮಿಶ್ರಣ ಹೊತ್ತಿಕೊಳ್ಳುವ ಕ್ಷಣವನ್ನು ನಿಖರವಾಗಿ ನಿಯಂತ್ರಿಸಲಾಗುತ್ತಿರಲಿಲ್ಲ. ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ 1902ರ ವೇಳೆಗೆ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ರೂಪಿಸಿ ಈ ತೊಡಕನ್ನು ನಿವಾರಿಸಿದನು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಆಧಾರಿತ ವ್ಯವಸ್ಥೆಯು ಮುಂದೆ ಹಲವು ದಶಕಗಳ ಕಾಲ ಕಾರುಗಳಲ್ಲಿ ಬಳಕೆಯಲ್ಲಿತ್ತು. ಭಾರತದಲ್ಲಿ ಬಾಷ್ ಸಹಯೋಗದ, ‘ಮೈಕೋ’ ಎಂದು ಪ್ರಸಿದ್ಧವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಸ್ಪಾರ್ಕ್ ಪ್ಲಗ್‌ಗಳನ್ನು ತಯಾರಿಸಿತು.

ರಚನೆ

ಪ್ಲಗ್‌ನ ನಡುವೆ ಕೇಂದ್ರ ವಿದ್ಯುದ್ವಾರವಿರುತ್ತದೆ. ಅದರ ಸುತ್ತ ಅಲ್ಯೂಮಿನಾ ಪಿಂಗಾಣಿಯ ಅವಾಹಕವೂ, ಅದರ ಹೊರಗೆ ತಿರುಪಿನ ಸುತ್ತುಗಳುಳ್ಳ ಉಕ್ಕಿನ ಕವಚವೂ ಇರುತ್ತವೆ. ಕವಚದ ತುದಿಯಿಂದ ಬಾಗಿ ಬಂದ ಲೋಹದ ಪಟ್ಟಿಯೇ ಭೂ ವಿದ್ಯುದ್ವಾರ. ಎರಡು ವಿದ್ಯುದ್ವಾರಗಳ ನಡುವಿನ ತೆರವು ಸಾಮಾನ್ಯವಾಗಿ 0.6ರಿಂದ 1.1 ಮಿ.ಮೀ. ಇರುತ್ತದೆ. ವಿದ್ಯುದ್ವಾರಗಳಿಗೆ ನಿಕ್ಕಲ್ ಮಿಶ್ರಲೋಹವನ್ನು ಬಳಸುತ್ತಾರೆ. ದೀರ್ಘ ಬಾಳಿಕೆಯ ಪ್ಲಗ್‌ಗಳ ತುದಿಗೆ ಪ್ಲಾಟಿನಂ ಅಥವಾ ಇರಿಡಿಯಂ ಇರುತ್ತದೆ. ಕಿಡಿಯಿಂದ ರೇಡಿಯೋ ಮತ್ತು ಇಲೆಕ್ಟ್ರಾನಿಕ್ ಉಪಕರಣಗಳಿಗೆ ಅಡಚಣೆಯಾಗದಂತೆ ಹಲವು ಪ್ಲಗ್‌ಗಳೊಳಗೆ ರೋಧಕವನ್ನೂ ಅಳವಡಿಸಿರುತ್ತಾರೆ.

ಕಾರ್ಯವಿಧಾನ

ಬ್ಯಾಟರಿಯ 12 ವೋಲ್ಟ್ ಈ ತೆರವನ್ನು ದಾಟಿ ಕಿಡಿ ಹಾರಿಸಲು ಸಾಲದು. ಆದುದರಿಂದ ಇಗ್ನಿಷನ್ ಕಾಯಿಲ್‌ನಲ್ಲಿ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿರುತ್ತವೆ. ಕಡಿಮೆ ಸುತ್ತುಗಳ ಪ್ರಾಥಮಿಕ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರವುಂಟಾಗುತ್ತದೆ. ಆ ಪ್ರವಾಹವನ್ನು ಥಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳ ದ್ವಿತೀಯಕ ಸುರುಳಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಪ್ರೇರಿತವಾಗುತ್ತದೆ. ಹಿಂದೆ ಪ್ರವಾಹವನ್ನು ಕಡಿಯುವ ಕೆಲಸವನ್ನು ‘ಪಾಯಿಂಟ್’ ಎಂಬ ಯಾಂತ್ರಿಕ ಸ್ವಿಚ್ ಮಾಡುತ್ತಿತ್ತು. ಈಗ ಟ್ರಾನ್ಸಿಸ್ಟರ್ ಮಾಡುತ್ತದೆ.

ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಬೇಕಾದ ವೋಲ್ಟೇಜ್ ಹೆಚ್ಚುತ್ತದೆ. ಹೀಗಾಗಿ ಹೊರಗೆ ತೆಗೆದು ಪರೀಕ್ಷಿಸಿದಾಗ ಕಿಡಿ ನೀಡುವ ಪ್ಲಗ್, ಎಂಜಿನ್‌ನೊಳಗೆ ವಿಫಲವಾಗಬಹುದು.

ಕಿಡಿಯ ಸಮಯ

ಮಿಶ್ರಣವು ಹೊತ್ತಿಕೊಂಡು ಜ್ವಾಲೆ ಹರಡಲು ಕೆಲವು ಮಿಲಿಸೆಕೆಂಡುಗಳು ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ ಒಂದು ಮಿಲಿಸೆಕೆಂಡಿನಲ್ಲೇ 18 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು. ಕಿಡಿ ತೀರ ಬೇಗ ಹಾರಿದರೆ ಎಂಜಿನ್‌ನಲ್ಲಿ ‘ನಾಕಿಂಗ್’ ಸದ್ದು ಕೇಳಿಬರುತ್ತದೆ. ತಡವಾದರೆ ಶಕ್ತಿ ಕುಂದಿ, ಹೊಗೆಕೊಳವೆ ಹೆಚ್ಚು ಬಿಸಿಯಾಗುತ್ತದೆ. ಇಂದಿನ ವಾಹನಗಳಲ್ಲಿ ಸಂವೇದಕಗಳ ಮಾಹಿತಿಯನ್ನು ಆಧರಿಸಿ ಇಲೆಕ್ಟ್ರಾನಿಕ್ ನಿಯಂತ್ರಣ ಘಟಕವು ಈ ಕ್ಷಣವನ್ನು ನಿರ್ಧರಿಸುತ್ತದೆ.

ಉಷ್ಣ ಶ್ರೇಣಿ

ಪ್ಲಗ್‌ನ ತುದಿ ಸುಮಾರು 500ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದಕ್ಕಿಂತ ತಂಪಾದರೆ ಅಂಟಿದ ಮಸಿ ಸುಟ್ಟುಹೋಗದೆ ಉಳಿದು, ವಿದ್ಯುತ್ ಅದರ ಮೂಲಕ ಸೋರಿ ಕಿಡಿ ತಪ್ಪುತ್ತದೆ. ಮಿತಿಮೀರಿ ಕಾದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಕರಗಿ ತೂತಾಗುವ ಅಪಾಯವಿದೆ. ‘ಬಿಸಿ ಪ್ಲಗ್’ ಮತ್ತು ‘ತಂಪು ಪ್ಲಗ್’ ಎಂಬ ಹೆಸರುಗಳು ಕಿಡಿಯ ತೀವ್ರತೆಯನ್ನು ಸೂಚಿಸುವುದಿಲ್ಲ. ತುದಿಯ ಶಾಖವು ಸಿಲಿಂಡರ್ ಹೆಡ್ಡಿಗೆ ಎಷ್ಟು ಬೇಗ ಸಾಗುತ್ತದೆ ಎಂಬುದನ್ನು ಸೂಚಿಸುತ್ತವೆ. ಆದುದರಿಂದ ತಯಾರಕರು ಸೂಚಿಸಿದ ಶ್ರೇಣಿಯ ಪ್ಲಗ್ಗನ್ನೇ ಬಳಸಬೇಕು.

ಪ್ಲಗ್‌ನ ಲಕ್ಷಣಗಳು

ಹೊರತೆಗೆದ ಪ್ಲಗ್‌ನ ತುದಿಯು ಎಂಜಿನ್‌ನ ಸ್ಥಿತಿಯನ್ನು ತಿಳಿಸುತ್ತದೆ.

• ತಿಳಿ ಕಂದು ಅಥವಾ ಬೂದು ಬಣ್ಣ: ದಹನ ಸರಿಯಾಗಿದೆ.
• ಒಣ ಕಪ್ಪು ಮಸಿ: ಇಂಧನ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ.
• ಎಣ್ಣೆಯ ಜಿಡ್ಡು: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು.
• ಬಿಳಿಚಿದ ಅವಾಹಕ, ಕರಗಿದ ವಿದ್ಯುದ್ವಾರ: ಪ್ಲಗ್ ಅತಿಯಾಗಿ ಕಾದಿದೆ.

ನಿರ್ವಹಣೆ

ಪ್ರತಿ ಕಿಡಿಯೂ ವಿದ್ಯುದ್ವಾರವನ್ನು ಕಣಕಣವಾಗಿ ಸವೆಸುವುದರಿಂದ ತೆರವು ಹಿಗ್ಗುತ್ತಾ ಹೋಗುತ್ತದೆ. ಕಿಡಿ ತಪ್ಪಿದಾಗ ಇಂಧನವು ಉರಿಯದೆ ಹೊರಬಿದ್ದು ಮಾಲಿನ್ಯ ಹೆಚ್ಚುತ್ತದೆ. ಆ ಇಂಧನ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಉರಿದು, ಪ್ಲಗ್‌ಗಿಂತ ಎಷ್ಟೋ ಪಟ್ಟು ದುಬಾರಿಯಾದ ಆ ಭಾಗವನ್ನೇ ಹಾಳುಮಾಡಬಲ್ಲದು. ಪ್ಲಗ್ಗನ್ನು ಎಂಜಿನ್ ತಣಿದ ಮೇಲೆಯೇ ಬಿಚ್ಚಬೇಕು. ಮರಳಿ ಜೋಡಿಸುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್ಡಿನ ತಿರುಪುಸುತ್ತುಗಳು ಕೆಡುವುದಿಲ್ಲ. ಚಾಲನೆಯಲ್ಲಿರುವ ಎಂಜಿನ್‌ನ ಪ್ಲಗ್ ತಂತಿಯನ್ನು ಮುಟ್ಟಿದರೆ ಅಪಾಯಕಾರಿ ವಿದ್ಯುದಾಘಾತವಾಗಬಹುದು.