ಬೆಳೆವಿಮೆ ತಪ್ಪು ಕನ್ನಡವೇ?

ಎರಡು ಪದ ಸೇರಿ ಒಂದಾದರೆ ಸಮಾಸ. ಬಿಸಿ, ನೀರು ಸೇರಿ ಬಿಸಿನೀರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದರೆ ವ್ಯಾಕರಣದವರು ಅದನ್ನು ಅರಿಸಮಾಸ ಅಂತಾರೆ. ಅರಿ ಅಂದರೆ ಶತ್ರು. ಹೆಸರಲ್ಲೇ ಬೈಗುಳ ಇದೆ. ಉರ್ದು, ಪಾರ್ಸಿ ಪದ ಬೆರೆತರೂ ಅದೇ ಹೆಸರಿಡುವವರಿದ್ದಾರೆ. ಹಾಗೆ ನೋಡಿದರೆ ನಾವು ವರ್ಷಾ ವರ್ಷಾ ಕಟ್ಟುವ ಬೆಳೆವಿಮೆಯೂ ತಪ್ಪೇ. ಬೆಳೆ ಕನ್ನಡದ್ದು, ವಿಮೆ ಪಾರ್ಸಿಯ 'ಬೀಮಾ'ದಿಂದ ಬಂದದ್ದು.

ಈ ನಿಯಮ ಹುಟ್ಟಿದ್ದೆಲ್ಲಿ? ಮಾನ್ವಿ ತಾಲೂಕಿನ ನಮ್ಮ ಕುರ್ಡಿಯಿಂದ ಉತ್ತರಕ್ಕೆ ಹೊರಟು ಕೃಷ್ಣೆ, ಭೀಮೆ ಎರಡನ್ನೂ ದಾಟಿದರೆ ಕಾಗಿಣಾ ದಂಡೆಯ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ. ಸುಮಾರು 850ರಲ್ಲಿ ಅಲ್ಲಿ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ತಯಾರಾಯಿತು. ಬರೆದವನು ಶ್ರೀವಿಜಯ ಎಂದು ಹೆಚ್ಚಿನ ವಿದ್ವಾಂಸರ ಮಾತು. ಸಮಾಸದಲ್ಲಿ ಕನ್ನಡ, ಸಂಸ್ಕೃತ ಬೆರೆಸುವುದನ್ನು ಅದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕುವುದಕ್ಕೆ ಹೋಲಿಸುತ್ತದೆ. ಹಾಲು ಒಡೆದಾಗ ಮನೆಯಲ್ಲಿ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಆದರೆ ಈ ಮಾತು ಹೇಳಿದ್ದು ಕಾವ್ಯ ಬರೆಯುವವರಿಗೆ, ಸಂತೆಯಲ್ಲಿ ಮಾತಾಡುವವರಿಗಲ್ಲ. ಅಕ್ಷರ ಕಲಿಯದವರಿಗೂ ಕಾವ್ಯದ ತಿಳಿವಳಿಕೆ ಇದೆ ಎಂದು ಈ ನಾಡಿನ ಜನರನ್ನು ಹೊಗಳಿದ್ದೂ ಅದೇ ಪುಸ್ತಕ. ಕನ್ನಡದ ತಿರುಳು ಇರುವ ಊರುಗಳಲ್ಲಿ ಕೊಪಣವನ್ನೂ ಹೆಸರಿಸಿದೆ. ಅದೇ ಇಂದಿನ ಕೊಪ್ಪಳ, 1997ರ ತನಕ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ನಮ್ಮ ಕಡೆ ಮಾತು ಒರಟು ಅಂತ ನಗುವವರಿಗೆ ಇದನ್ನು ತಿಳಿಸಿ.

ಮುಂದೆ ಸುಮಾರು 1260ರಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದ. ಅವನೂ ಬೆರಕೆ ಬೇಡ ಅಂದ, ಆದರೆ ಬಿರುದುಗಳಲ್ಲಿ ಇದ್ದರೆ, ಹಿಂದಿನ ಕವಿಗಳು ಬಳಸಿದ್ದರೆ ನಡೆಯುತ್ತದೆ ಎಂದ. ರಾಜನ ಬಿರುದಿಗೆ ರಿಯಾಯಿತಿ ಇದ್ದರೆ ರೈತನ ಪದಕ್ಕೆ ಯಾಕಿಲ್ಲ ಎಂಬುದು ನನ್ನ ತಕರಾರು. (ರಿಯಾಯಿತಿ, ತಕರಾರು ಎರಡೂ ಕನ್ನಡ ಮೂಲದ್ದಲ್ಲ!)

ಪರೀಕ್ಷೆ ಬರೆಯುವ ಮಕ್ಕಳು ನಿಯಮ ಕಲಿಯಲಿ, ಅಂಕ ಬಿಡಬಾರದು. ಆದರೆ ಸಾಲದವರು ಕೇಳುವ ಚಕ್ರಬಡ್ಡಿಯೂ ಅರಿಸಮಾಸವೇ: ಚಕ್ರ ಸಂಸ್ಕೃತ, ಬಡ್ಡಿ ಎಂಬುದು 'ವೃದ್ಧಿ' ಕನ್ನಡಕ್ಕೆ ಬಂದು ಬದಲಾದ ರೂಪ. ಪದ ತಪ್ಪು ಅಂತ ಯಾರೂ ಬಡ್ಡಿ ಬಿಟ್ಟಿಲ್ಲ.

ನಮ್ಮ ಕಡೆ ಬೆರಕೆ ಹೆಚ್ಚಿರುವುದಕ್ಕೆ ಕಾರಣವೂ ಇದೆ. 1948ರ ತನಕ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು, ಕಚೇರಿ ಭಾಷೆ ಉರ್ದು. ಜಮೀನು, ಪಹಣಿ, ದವಾಖಾನೆ ಎಲ್ಲ ಆ ದಾರಿಯಲ್ಲೇ ಊರೂರಲ್ಲಿ ಗಟ್ಟಿಯಾಗಿ ಬೇರೂರಿದವು. ಹಸಿರು ಶಾಲಿನ ರೈತಸಂಘದ ಹೆಸರನ್ನೇ ನೋಡಿ: ರೈತ ಅರಬ್ಬಿ ಮೂಲದ ಪದ, ಸಂಘ ಸಂಸ್ಕೃತ.